ಕಲ್ಲಿನ ದೂರಬೀನು

ಹಳೇಬೀಡು
11-2-96, ಭಾನುವಾರ, ಸಂಜೆ

ಮೂರು ಪಾರ್ಟಿ. ದಾವಣಗೆರೆಯ ಒಂದು ಫ್ಯಾಮಿಲಿ, ಒಂದು ಕಾಲೇಜು ಬಸ್ಸು, ಕೊನೆಗೆ ಕೇರಳದ ಗಂಡ-ಹೆಂಡತಿ. ಮೂರಕ್ಕೂ ಅದೇ ಮಾತು. ನಂದಿಯ ಹತ್ತಿರ ಅದೇ ಜೋಕು. ಮೂರು ಸಲವೂ ನಕ್ಕರು. ಹೆಂಡತಿ ಕೋಮಲ ಹೋದ ಮೇಲೆ ಮೂರು ತಿಂಗಳಾಯಿತು, ನನ್ನ ಮಾತಿನಲ್ಲಿ ಒಂದಕ್ಷರ ಬದಲಾಗಿಲ್ಲ. ಬಾಯಿಗೆ ಇನ್ನೂ ಯಾರೂ ಸುದ್ದಿ ಮುಟ್ಟಿಸಿಲ್ಲವೇನೋ.

ದೂರಬೀನು ಎಂದಿನಂತೆ ಕೊನೆಗೆ. ದೇವಸ್ಥಾನದ ಹಿಂದಿನ ಗೋಡೆಯ ಮೇಲೆ ಗೇಣುದ್ದದ ಗೊಂಬೆ. ಕೈಯಲ್ಲಿ ಕೊಳವೆಯಂಥದ್ದು ಏನೋ ಹಿಡಿದಿದೆ. ಕೊಳಲೋ, ಕೋಲೋ, ದೇವರಿಗೇ ಗೊತ್ತು. ನನಗೆ ಕೆಲಸ ಕಲಿಸಿದ ಹಿರಿಯ ಗೈಡು ದೂರಬೀನು ಅಂದ, ನಾನೂ ಅಂದೆ. "ನೋಡಿ ಸಾರ್, ಎಂಟುನೂರು ವರ್ಷದ ಹಿಂದೇನೇ ನಮ್ಮೋರ ಹತ್ರ ದೂರಬೀನಿತ್ತು!" ಅಷ್ಟಕ್ಕೆ ಕ್ಯಾಮೆರಾ ಹೊರಗೆ ಬರುತ್ತದೆ. ಉಳಿದ ಗೋಡೆಯೆಲ್ಲ ಮರೆತರೂ ಅದೊಂದನ್ನು ಊರಿಗೆ ಹೋಗಿ ಹೇಳುತ್ತಾರೆ.

ಅನ್ನ ಇವತ್ತೂ ಮಿಕ್ಕಿತು. ಮೂವರಿಗೆ ಅಳೆದು ರೂಢಿಯಾದ ಕೈ. ಬೆಳಿಗ್ಗೆ ಚಿತ್ರಾನ್ನ. ಮಗಳು ವಿಭಾ ದಿನಾ ಚಿತ್ರಾನ್ನ ತಿಂದೇ ಸ್ಕೂಲಿಗೆ ಹೋಗುತ್ತಾಳೆ.

14-2-96

ಅರಸೀಕೆರೆಯಿಂದ ಅತ್ತಿಗೆ ಬಂದಿದ್ದರು — ಕೋಮಲನ ಅಕ್ಕ, ಪದ್ಮಾಸನಿ. ಬಂದವರೇ ವಿಭಾಳ ಜಡೆ ಬಿಚ್ಚಿ, ಎಣ್ಣೆ ಹಚ್ಚಿ, ಮತ್ತೆ ಹೆಣೆದರು. ಹೆಣೆಯುತ್ತಲೇ ನನ್ನ ಕಡೆ ನೋಡದೆ ಹೇಳಿದರು.

"ನೀವು ಬೆಳಿಗ್ಗೆ ಹೋದ್ರೆ ಸಂಜೆ ಬರ್ತೀರಿ. ಬೆಳೆದ ಹುಡುಗಿ, ಮನೇಲಿ ಒಬ್ಳೇ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಬೇರೆ. ಜೂನ್‌ಗೆ ನಮ್ಮನೇಗೆ ಕಳಿಸಿಕೊಡಿ. ಅರಸೀಕೆರೇಲೇ ಓದ್ಲಿ."

"ಅವಳಿಷ್ಟ," ಅಂದೆ.

"ಅವಳನ್ನ ಕೇಳ್ದೆ. ಅಪ್ಪ ಹೇಗೆ ಹೇಳ್ತಾರೋ ಹಾಗೆ ಅಂದ್ಲು."

ವಿಭಾ ನೆಲ ನೋಡುತ್ತ ಕೂತಿದ್ದಳು. ಕಾಯುತ್ತಿದ್ದಳು ಅಂತ ಈಗ ಬರೆಯುವಾಗ ಅನ್ನಿಸುತ್ತಿದೆ. ಬೇಡ ಅನ್ನಬೇಕು ಅಂತ ನನಗೆ ಅನ್ನಿಸಿತ್ತು. ಆದರೆ ಆ ಅನ್ನಿಸಿದ್ದು ಎಲ್ಲೋ ಒಳಗೆ, ಬಹಳ ದೂರ... ಅಲ್ಲಿಂದ ಬಾಯಿಗೆ ಬರುವಷ್ಟರಲ್ಲಿ ಅತ್ತಿಗೆ ಕಾಫಿ ಲೋಟ ತೊಳೆಯಲು ಎದ್ದಿದ್ದರು.

2-3-96, ಶನಿವಾರ

ವಿಭಾ ಒಂದು ಚಿತ್ರ ತಂದಿದ್ದಾಳೆ. ಅವಳ ಸೈನ್ಸ್ ಟೀಚರ್ ಮಾಲಿನಿ ಮಿಸ್ ಕೊಟ್ಟಿದ್ದು. ಹಗರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರಲ್ಲ, ಅವರು. ಬೆಂಗಳೂರಿನ ತಾರಾಲಯಕ್ಕೆ ಹೋಗಿದ್ದಾಗ ಕಲರ್ ಜೆರಾಕ್ಸ್ ಮಾಡಿಸಿಕೊಂಡು ಬಂದರಂತೆ. ಕಪ್ಪು ಹಾಳೆಯ ಮೇಲೆ ಬಣ್ಣದ ಚೂರುಗಳು. ಬಳೆ ಅಂಗಡಿಯ ಮುಂದೆ ಗುಡಿಸದೆ ಬಿಟ್ಟ ಚೂರಿನ ಹಾಗಿದೆ.

ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಕೋಮಲನ ಕ್ಯಾಲೆಂಡರು ಇದ್ದ ಜಾಗ. ಜನವರಿಯಲ್ಲಿ ಹಳೆಯದನ್ನು ತೆಗೆದವನು ಹೊಸದನ್ನು ಹಾಕಿರಲಿಲ್ಲ. ಮೊಳೆ ಮಾತ್ರ ಇತ್ತು.

"ಏನಿದು?"

"ಹಬಲ್ ಅಂತ ಟೆಲಿಸ್ಕೋಪ್ ಇದೆಯಲ್ಲ ಅಪ್ಪಾ, ಅದು ತೆಗೆದ ಫೋಟೋ. ಇದರಲ್ಲಿರೋದು ನಕ್ಷತ್ರ ಅಲ್ಲ. ಚೂರು ಚೂರು ಕಾಣ್ತಿದೆಯಲ್ಲ, ಹೆಚ್ಚು ಕಡಿಮೆ ಒಂದೊಂದೂ ಒಂದು ಗ್ಯಾಲಕ್ಸಿ. ಒಂದೊಂದರಲ್ಲೂ ಕೋಟಿ ಕೋಟಿ ನಕ್ಷತ್ರ."

ಬಹಳ ದಿನದ ಮೇಲೆ ಇಷ್ಟು ಮಾತಾಡಿದಳು. ನಿಂತು ಕೇಳಿದೆ. ಆ ದೂರಬೀನು ಬಸ್ಸಿನಷ್ಟು ದೊಡ್ಡದಂತೆ. ಆರುನೂರು ಕಿಲೋಮೀಟರ್ ಮೇಲೆ ಭೂಮಿಯನ್ನು ಸುತ್ತುತ್ತದಂತೆ. ಅಷ್ಟು ಮೇಲೆ ಯಾಕೆ, ಬೆಟ್ಟದ ಮೇಲೆ ಇಟ್ಟರೆ ಆಗದೇ ಅಂದೆ. ಗಾಳಿ ಅಂದಳು. ನಾವು ಕೆರೆಯ ತಳದಲ್ಲಿ ಅಂಗಾತ ಮಲಗಿ ಮೇಲೆ ಹಾರುವ ಹಕ್ಕಿ ನೋಡುತ್ತಿರುವ ಹಾಗೆ. ನೀರು ಅಲ್ಲಾಡುತ್ತದೆ, ಹಕ್ಕಿ ಕಲಸಿಹೋಗುತ್ತದೆ. ನಮ್ಮ ಮೇಲಿನ ಗಾಳಿಯೂ ಹಾಗೆ. ಆ ದೂರಬೀನು ನೀರಿನಿಂದ ತಲೆ ಮೇಲೆತ್ತಿ ನೋಡುತ್ತಿದೆ.

"ಯಾವ ಕಡೆ ನೋಡಿದಾಗ ಇಷ್ಟೊಂದು ಸಿಕ್ಕಿದ್ದು?"

"ಖಾಲಿ ಕಡೆ. ಸಪ್ತರ್ಷಿ ಮಂಡಲದ ಹತ್ರ ಏನೂ ಇಲ್ಲದ ಜಾಗ. ಕೈ ಚಾಚಿ ಒಂದು ಮರಳಿನ ಕಾಳು ಹಿಡಿದ್ರೆ ಎಷ್ಟು ಆಕಾಶ ಮುಚ್ಚುತ್ತೋ ಅಷ್ಟೇ. ಹತ್ತು ದಿನ ಅದೊಂದನ್ನೇ ನೋಡಿದ್ರಂತೆ."

"ಅಷ್ಟು ಖರ್ಚು ಮಾಡಿ ಖಾಲಿ ಜಾಗ ಯಾಕೆ ನೋಡಿದ್ರು?"

"ಖಾಲಿ ಇರ್ಲಿಲ್ಲ ಅಪ್ಪಾ. ಖಾಲಿ ಕಾಣ್ತಿತ್ತು ಅಷ್ಟೇ."

ಸಾರು ಉಕ್ಕಿತು. ಇಳಿಸಲು ಹೋದೆ.

25-3-96

ಯುಗಾದಿ ಬಂದು ಹೋಯಿತು. ನಮಗೆ ಈ ವರ್ಷ ಹಬ್ಬವಿಲ್ಲ. ಪಕ್ಕದ ಮನೆಯ ಮಾದಮ್ಮ ಒಬ್ಬಟ್ಟು ಕೊಟ್ಟು ಹೋದಳು. ಅದೂ ಉಳಿಯಿತು.

ಊಟವಾದ ಮೇಲೆ ವಿಭಾ ತಾರಸಿಗೆ ಕರೆದಳು. ಧೂಮಕೇತು ಬಂದಿದೆ. ಬರಿಗಣ್ಣಿಗೇ ಕಾಣುತ್ತದೆ — ಮಬ್ಬು ಬೆಳಕಿನ ಉಂಡೆ, ಹಿಂದೆ ಉದ್ದನೆಯ ಬಾಲ. ಬೀದಿಯವರೆಲ್ಲ ತಾರಸಿಯಲ್ಲೇ ಇದ್ದರು. ಅವಳು ಮಾತ್ರ ಬಾಲ ನೋಡದೆ ಸಪ್ತರ್ಷಿಗಳ ಪಕ್ಕದ ಕತ್ತಲೆಗೆ ಬೆರಳು ತೋರಿಸಿದಳು. "ಅಲ್ಲಿ. ಫೋಟೋ ತೆಗೆದಿದ್ದು ಅಲ್ಲಿ." ನೋಡಿದೆ. ಏನೂ ಕಾಣಲಿಲ್ಲ.

ಆ ಚಿತ್ರದಲ್ಲಿ ಕೆಲವಕ್ಕೆ ಸರಿಯಾದ ಆಕಾರವೇ ಇಲ್ಲವಂತೆ. ಅವು ಚಿಕ್ಕವಿದ್ದಾಗಿನ ಫೋಟೋ ಅದು. ಬೆಳಕು ಅಲ್ಲಿಂದ ಹೊರಟಾಗ ನಮ್ಮ ಸೂರ್ಯನೂ ಹುಟ್ಟಿರಲಿಲ್ಲ. ದೂರ ನೋಡಿದಷ್ಟೂ ಹಳೆಯದು ಕಾಣುತ್ತದೆ. ಹತ್ತಿರದ್ದು ದೊಡ್ಡವರಾದ ಮೇಲಿನದು, ದೂರದ್ದು ಚಿಕ್ಕವರಿದ್ದಾಗಿನದು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಅವು ಹೇಗೆ ಬೆಳೆದವು ಅಂತ ತಿಳಿಯುತ್ತದೆ. ನಮ್ಮ ಮನೆಯ ಆಲ್ಬಂ ಇದ್ದ ಹಾಗೆ ಅಂದಳು.

ಆಮೇಲೆ ಚಾಪೆಯ ಮೇಲೆ ಅಂಗಾತ ಮಲಗಿ —

"ಅಪ್ಪಾ, ಸೂರ್ಯನ್ನ ಬಿಟ್ರೆ ಎಲ್ಲಕ್ಕಿಂತ ಹತ್ರದ ನಕ್ಷತ್ರಕ್ಕೆ ಬೆಳಕು ಹೋಗೋಕೆ ನಾಲ್ಕು ವರ್ಷದ ಮೇಲೆ ಬೇಕು. ಹೋದ ವರ್ಷ ಅಮ್ಮ ಇದ್ದಾಗ ಇಲ್ಲಿಂದ ಹೊರಟ ಬೆಳಕು ಇನ್ನೂ ಅಲ್ಲಿಗೂ ಮುಟ್ಟಿಲ್ಲ. ದಾರೀಲೇ ಇದೆ."

ನಾನು ಏನು ಹೇಳಿದೆ? "ಹೌದಾ! ಬಹಳ ಒಳ್ಳೇ ಪ್ರಶ್ನೆ" ಅಂದೆ.

ಟೂರಿಸ್ಟ್‌ಗಳು ಏನಾದರೂ ಕೇಳಿದರೆ ಹಾಗೆ ಅನ್ನುತ್ತೇನೆ. ಅವಳು ಪ್ರಶ್ನೆಯನ್ನೇ ಕೇಳಿರಲಿಲ್ಲ. ಕತ್ತಲಲ್ಲಿ ಮುಖ ಕಾಣಲಿಲ್ಲ. ಚಾಪೆ ಮಡಚಿಕೊಂಡು ಇಳಿದು ಹೋದಳು.

19-4-96, ಶುಕ್ರವಾರ

ಪರೀಕ್ಷೆ ಮುಗಿದು ರಜೆ. ಮಾಲಿನಿ ಮಿಸ್ ಬೇಸಿಗೆ ಶಿಬಿರ ನಡೆಸುತ್ತಿದ್ದಾರೆ. ನಾಳೆ ಮಕ್ಕಳನ್ನು ಜೈನ ಬಸ್ತಿಗೂ ದೇವಸ್ಥಾನಕ್ಕೂ ಕರೆತರುತ್ತಾರಂತೆ. ನಾನೇ ಗೈಡು. ಕೊನೆಯಲ್ಲಿ ಹುಲ್ಲಿನ ಮೇಲೆ ಕೂತು ವಿಭಾ ಟೆಲಿಸ್ಕೋಪಿನ ಬಗ್ಗೆ ಮಾತಾಡಬೇಕು. ಚಾರ್ಟ್ ಬರೆದಿದ್ದಾಳೆ. ಎರಡು ದಿನದಿಂದ ಗೋಡೆ ನೋಡಿಕೊಂಡು ಒಪ್ಪಿಸುತ್ತಿದ್ದಾಳೆ.

"ಅಪ್ಪಾ, ನಾಳೆ ಆ ಕಲ್ಲಿನ ದೂರಬೀನು ಒಂದು ಹೇಳ್ಬೇಡಿ."

"ಆಯ್ತು."

"ನಿಜವಾಗ್ಲೂ?"

"ಆಯ್ತು ಅಂದ್ನಲ್ಲ."

20-4-96, ಶನಿವಾರ

ಮೊದಲು ಬಸ್ತಿ. ಕನ್ನಡಿಯ ಹಾಗೆ ನುಣುಪು ಮಾಡಿದ ಕಪ್ಪು ಕಂಬಗಳ ಮುಂದೆ ಮಕ್ಕಳನ್ನು ನಿಲ್ಲಿಸಿ, ಕೈ ಅಗಲಿಸಿ, ಎಷ್ಟು ಕೈ ಕಾಣುತ್ತೆ ಎಣಿಸಿ ಅಂದೆ. ಕಿರುಚಾಡಿದರು. ಮಾಲಿನಿ ಮಿಸ್ ಅಲ್ಲಿಂದಲೇ ಪಾಠ ಹಿಡಿದರು. ಆ ದೂರಬೀನಿನ ಒಳಗೂ ದೊಡ್ಡ ಕನ್ನಡಿ ಇದೆ, ಆಳಿಗಿಂತ ಅಗಲ. ಮುಖ ನೋಡಿಕೊಳ್ಳಲು ಅಲ್ಲ, ಬೆಳಕು ಕೂಡಿಸಲು. ಮಳೆ ನೀರಿಗೆ ಅಗಲ ಪಾತ್ರೆ ಇಟ್ಟರೆ ಹೆಚ್ಚು ತುಂಬುತ್ತದಲ್ಲ, ಹಾಗೆ.

"ಆದ್ರೆ ಮೇಲಕ್ಕೆ ಕಳಿಸಿದ ಮೇಲೆ ಚಿತ್ರ ಎಲ್ಲಾ ಮಂಜು. ಯಾಕೆ ಗೊತ್ತಾ? ಕನ್ನಡಿ ಈ ಕಂಬಕ್ಕಿಂತ ಸಾವಿರ ಪಾಲು ನುಣುಪಾಗಿತ್ತು, ಆದ್ರೆ ಆಕಾರನೇ ತಪ್ಪಿತ್ತು. ಅಂಚಿನಲ್ಲಿ, ಕೂದಲಿನ ದಪ್ಪದಲ್ಲಿ ಐವತ್ತನೇ ಒಂದು ಪಾಲು. ಅಳೆಯೋ ಸಾಧನಾನೇ ತಪ್ಪಾಗಿ ಜೋಡಿಸಿಬಿಟ್ಟಿದ್ರು. ತಪ್ಪು ಅಳತೆಗೆ ಸರಿಯಾಗಿ ಉಜ್ಜಿದ್ರು."

"ಆಮೇಲೆ ಮಿಸ್?"

"ಕನ್ನಡಿ ಬದಲಾಯಿಸೋಕೆ ಆಗಲ್ಲ. ತಪ್ಪು ಎಷ್ಟು ಅಂತ ಲೆಕ್ಕ ಹಾಕಿದ್ರು. ಮೂರು ವರ್ಷ ಆದ್ಮೇಲೆ ಮನುಷ್ಯರೇ ಹೋಗಿ ಅದಕ್ಕೆ ಕನ್ನಡಕ ಹಾಕಿ ಬಂದ್ರು."

ಮಕ್ಕಳು ನಕ್ಕರು. ನನಗೂ ಹಿಡಿಸಿತು ಮಾತು.

ಆಮೇಲೆ ದೇವಸ್ಥಾನ. ಆನೆ ಸಾಲು, ಸಿಂಹದ ಸಾಲು, ನಂದಿ, ಜೋಕು. ಬಿಸಿಲಿತ್ತು. ಕಾಲು ಅದರ ಪಾಡಿಗೆ ಅದು ನಡೆಯಿತು. ಹಿಂದಿನ ಗೋಡೆಗೆ ಬಂದೆವು. ನನ್ನ ಕೈ ಮೇಲೆದ್ದಿದ್ದು ಗೊತ್ತು. "ನೋಡಿ ಮಕ್ಕಳೇ, ಎಂಟುನೂರು ವರ್ಷದ ಹಿಂದೇನೇ ನಮ್ಮೋರ ಹತ್ರ..."

ಪೂರ್ತಿ ಹೇಳಿದೆ. ಕೊನೆಯ ಅಕ್ಷರದವರೆಗೆ. ನಾನೇ ಹೇಳುತ್ತಿದ್ದೇನೆ ಅಂತ ತಿಳಿದದ್ದು ಮಕ್ಕಳು ಚಪ್ಪಾಳೆ ತಟ್ಟಿದ ಮೇಲೆ.

ಒಬ್ಬ ಹುಡುಗಿ ಕೇಳಿದಳು, "ಹಾಗಾದ್ರೆ ಟೆಲಿಸ್ಕೋಪ್ ನಮ್ಮೂರೋರೇ ಕಂಡುಹಿಡಿದಿದ್ದಾ ಮಿಸ್?" ಮಾಲಿನಿ ಮಿಸ್ ನನ್ನ ಮುಖ ನೋಡಿ, "ಇದನ್ನ ಆಮೇಲೆ ಮಾತಾಡೋಣ" ಅಂದರು. ವಿಭಾ ಚಾರ್ಟ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಹುಲ್ಲಿನ ಮೇಲೆ ಕೂತಾಗ ಮಾತಾಡಲಿಲ್ಲ. ತಲೆನೋವು ಅಂದಳು. ಅವಳು ಬರೆದಿದ್ದನ್ನು ಮಿಸ್ ಓದಿದರು.

21-4-96

ಬೆಳಿಗ್ಗೆ ಚಿತ್ರಾನ್ನದ ತಟ್ಟೆ ಮುಂದಿಟ್ಟುಕೊಂಡು ಹೇಳಿದಳು.

"ನಾನು ದೊಡ್ಡಮ್ಮನ ಮನೇಗೆ ಹೋಗ್ತೀನಿ ಅಪ್ಪಾ. ಜೂನ್‌ಗೆ."

"ಮರೆತುಬಿಟ್ಟೆ ಕಣೇ ನಿನ್ನೆ. ಬಾಯಿಗೆ ರೂಢಿ—"

"ಮರೆತಿದ್ದಲ್ಲ. ನೀವು ಅಲ್ಲಿ ಇರ್ಲೇ ಇಲ್ಲ. ನನ್ನ ಹತ್ರ ಮಾತಾಡೋವಾಗ್ಲೂ ನೀವು ಇರಲ್ಲ. ಆ ಟೂರಿಸ್ಟ್‌ಗಳ ಹತ್ರ ಮಾತಾಡೋ ಹಾಗೇ ಮಾತಾಡ್ತೀರಿ."

ಕೂಗಾಡಲಿಲ್ಲ. ಅಳಲಿಲ್ಲ. ತಟ್ಟೆ ತೊಳೆದಿಟ್ಟಳು. ನಾನು ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೋದೆ. ಎರಡು ಪಾರ್ಟಿ. ನಂದಿಯ ಹತ್ತಿರ ನಕ್ಕರು.

12-5-96, ಭಾನುವಾರ

ಬರೆದು ಮೂರು ವಾರವಾಯಿತು. ಬರೆಯುವಂಥದ್ದು ಇರಲಿಲ್ಲ.

ಇವತ್ತು ತುಮಕೂರಿನ ಕಡೆಯವರು. ಗಂಡ, ಹೆಂಡತಿ, ಗಂಡನ ತಾಯಿ. ಹಿಂದಿನ ಗೋಡೆಗೆ ಬಂದೆವು. ಕೈ ಎತ್ತಿದೆ. ಬಾಯಿ ತೆರೆದೆ. ಮಾತು ಬರಲಿಲ್ಲ. ಇಷ್ಟು ವರ್ಷ ತಾನಾಗಿ ಬರುತ್ತಿದ್ದದ್ದು ಸುಮ್ಮನೆ ಬರಲಿಲ್ಲ. ಮೂವರೂ ನನ್ನ ಬೆರಳು ನೋಡುತ್ತ ನಿಂತಿದ್ದರು.

"ಇದು... ಇದೇನು ಅಂತ ನನಗೆ ಗೊತ್ತಿಲ್ಲ."

ಗಂಡ ನಕ್ಕ. "ಗೊತ್ತಿಲ್ಲ ಅನ್ನೋಕೆ ಗೈಡ್ ಯಾಕ್ರೀ? ಅದು ನಮಗೂ ಬರುತ್ತೆ."

ಮುದುಕಿ ಮಾತ್ರ ಬಗ್ಗಿದಳು. "ಏನೋ ನೋಡಾಣ ತಡಿಯಪ್ಪ" ಅಂತ ಸೆರಗಿನಿಂದ ಕನ್ನಡಕ ಒರೆಸಿಕೊಂಡು ನೋಡಿಯೇ ನೋಡಿದಳು. ದೂರಬೀನು ಅಂದಾಗ ಯಾರೂ ಅಷ್ಟು ಹೊತ್ತು ನೋಡಿದವರಲ್ಲ. ಹೆಸರು ಕೇಳುತ್ತಾರೆ, ಫೋಟೋ ತೆಗೆಯುತ್ತಾರೆ, ಮುಂದೆ ಹೋಗುತ್ತಾರೆ. ಅವಳ ಪಕ್ಕದಲ್ಲಿ ನಾನೂ ಬಗ್ಗಿದೆ. ಗೊಂಬೆಯ ಮೂಗು ಮುರಿದಿದೆ. ಒಂದು ಹಿಮ್ಮಡಿ ನೆಲದಿಂದ ಎದ್ದಿದೆ. ಕಾಲ್ಕಡಗದಲ್ಲಿ ಗೆಜ್ಜೆ, ಗೆಜ್ಜೆಯೊಳಗೆ ಗೆರೆ. ಹದಿನೇಳು ವರ್ಷದಿಂದ ತೋರಿಸುತ್ತಿದ್ದೇನೆ, ಗೆಜ್ಜೆ ಇರುವುದು ಗೊತ್ತಿರಲಿಲ್ಲ.

ಗೇಟಿನ ಹತ್ತಿರ ಮರುಳಪ್ಪ ಹಿಡಿದುಕೊಂಡ. ನನ್ನ ಹಾಗೇ ಗೈಡು. ಸುದ್ದಿ ಆಗಲೇ ಮುಟ್ಟಿತ್ತು.

"ಏನ್ ಸ್ವಾಮಿ, ಗೊತ್ತಿಲ್ಲ ಅಂದ್ರಂತೆ? ನೀವು ಹಂಗಂದ್ರೆ ನಾಳೆ ನಾವ್ ಏನ್ ಹೇಳಾನ? ದೂರಬೀನು ಐತೆ ಅಂತ ಊರೆಲ್ಲ ಸಾರಿದ್ದೋರು ನೀವೇ ತಾನೇ?"

"ಹೌದು ಕಣೋ. ಗೊತ್ತಿಲ್ಲದೆ ಸಾರಿದೆ."

ಅವನು ನನ್ನನ್ನೇ ನೋಡಿದ. "ಉಷಾರಿಲ್ವಾ ಸ್ವಾಮಿ? ಮನೇಗ್ ಹೋಗಿ" ಅಂದ. ಬಂದೆ.

ವಿಭಾ ಮಾದಮ್ಮನ ಮನೆಯಲ್ಲಿದ್ದಳು. ಅಡುಗೆಮನೆಯಲ್ಲಿ ಆ ಚಿತ್ರದ ಮುಂದೆ ನಿಂತೆ. ಹಿಂದಿನ ಮೊಳೆ ಕಾಗದದೊಳಗಿಂದ ಉಬ್ಬಿ ಕಾಣುತ್ತಿತ್ತು.

ಕೋಮಲ ಸತ್ತಳು. ನವೆಂಬರಿನಲ್ಲಿ, ಕಾಮಾಲೆಯಿಂದ. ಈ ಡೈರಿಯಲ್ಲಿ ಇಲ್ಲಿಯವರೆಗೆ 'ಹೋದ ಮೇಲೆ' ಅಂತಲೇ ಬರೆದಿದ್ದೇನೆ. ಬೇಲೂರಿಗೆ ತರಕಾರಿಗೆ ಹೋದವಳ ಹಾಗೆ. ಹೋಗಿಲ್ಲ. ಸತ್ತಳು. ಬರೆದರೂ ಅಳು ಬರಲಿಲ್ಲ.

ಇದನ್ನು ವಿಭಾಗೆ ಹೇಳಬೇಕು. ಹೇಗೆ ಅಂತ ಗೊತ್ತಿಲ್ಲ.

30-5-96

ಹೇಳಿಲ್ಲ. ಟ್ರಂಕು ತುಂಬುತ್ತಿದ್ದಾಳೆ.

2-6-96, ಭಾನುವಾರ, ಮಧ್ಯಾಹ್ನ

ಹೋದಳು.

ಅತ್ತಿಗೆಯ ಗಂಡ, ಷಡ್ಡಕ ಪಾರ್ಥಸಾರಥಿ, ಅರಸೀಕೆರೆಯಲ್ಲಿ ಬಸ್ಸಿನ ಹತ್ತಿರ ಬರುತ್ತೇನೆ ಅಂದಿದ್ದರು. ಇಲ್ಲಿಂದ ಹತ್ತಿಸಿದರೆ ಸಾಕು. ಟ್ರಂಕು ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಅವಳು ಪಕ್ಕದಲ್ಲಿ, ಕೈಯಲ್ಲಿ ಕೋಮಲನ ವೈರ್ ಬ್ಯಾಗು. ಚಿತ್ರವನ್ನು ಗೋಡೆಯಿಂದ ತೆಗೆದಿರಲಿಲ್ಲ. ಮರೆತೆಯಾ ಅಂದೆ. "ಇರ್ಲಿ" ಅಂದಳು.

ನಾಲ್ಕು ದಿನದಿಂದ ಒಂದು ಮಾತು ಕಟ್ಟಿಕೊಂಡಿದ್ದೆ. 'ನೋಡು ವಿಭಾ, ನಮ್ಮ ಮನೆ ಅಂದರೆ...' ಅಂತ ಶುರುವಾಗುತ್ತದೆ. ಒಳ್ಳೆಯ ಮಾತು. ನುಣುಪಾಗಿತ್ತು. ಬಸ್ಸು ಜಾವಗಲ್-ಅರಸೀಕೆರೆ ಬೋರ್ಡು ಹಾಕಿಕೊಂಡು ಬಂದು ನಿಂತಿತು. ಟ್ರಂಕು ಮೇಲೆ ಹಾಕಿದರು. ನನ್ನ ಕೈ ಮೇಲೆದ್ದಿತು, ಗೋಡೆ ತೋರಿಸುವಾಗ ಏಳುವ ಹಾಗೆಯೇ. ಅವಳು ಆ ಕೈ ನೋಡಿದಳು. ಇಳಿಸಿಬಿಟ್ಟೆ.

"ವಿಭಾ, ನನಗೆ ಗೊತ್ತಿಲ್ಲ."

"ಏನು?"

"ನೀನಿಲ್ಲದೆ ಆ ಮನೇಲಿ ಏನು ಮಾಡಬೇಕು ಅಂತ. ಅಮ್ಮ ಇಲ್ಲದೇನೇ ಗೊತ್ತಾಗ್ತಿಲ್ಲ. ಫೆಬ್ರವರೀಲಿ ದೊಡ್ಡಮ್ಮ ಕೇಳಿದಾಗಲೇ ಬೇಡ ಅನ್ನಿಸಿತ್ತು. ಬಾಯಿಗೆ ಬರಲಿಲ್ಲ."

ಕಂಡಕ್ಟರು ಸೀಟಿ ಊದಿದ. ಅವಳ ತುಟಿ ಒಂದು ಕಡೆಗೆ ಎಳೆಯಿತು, ಚಿಕ್ಕವಳಿದ್ದಾಗ ಬಿದ್ದರೆ ಎಳೆಯುತ್ತಿತ್ತಲ್ಲ, ಹಾಗೆ.

"ಈಗ ಹೇಳ್ತೀರಲ್ಲ ಅಪ್ಪಾ. ಟ್ರಂಕು ಮೇಲೆ ಹಾಕಿದ ಮೇಲೆ."

ಹತ್ತಿದಳು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿ, "ಶನಿವಾರ ಬರ್ತೀನೋ ಇಲ್ವೋ, ಹೇಳೋಕಾಗಲ್ಲ" ಅಂದಳು. ಕೋಪ ಇತ್ತು. ನನ್ನ ಮೇಲೆ ಕೋಪ ಮಾಡಿಕೊಂಡು ಬಹಳ ದಿನವಾಗಿತ್ತು.

ಮನೆಗೆ ಬಂದೆ. ಒಬ್ಬನಿಗೆ ಅಕ್ಕಿ ಎಷ್ಟು ಹಾಕಬೇಕು ಅಂತ ಪಾವು ಹಿಡಿದು ನಿಂತಿದ್ದೆ. ಕೊನೆಗೆ ಅವಲಕ್ಕಿ ನೆನೆಸಿ ತಿಂದೆ.

5-6-96

ಮೋಡ. ಟೂರಿಸ್ಟ್‌ಗಳು ಕಡಿಮೆ. ಹಿಂದಿನ ಗೋಡೆಯ ಹತ್ತಿರ ಗೊತ್ತಿಲ್ಲ ಅನ್ನುತ್ತೇನೆ. ಕೆಲವರು ಬಗ್ಗಿ ನೋಡುತ್ತಾರೆ, ಕೆಲವರು ಇಲ್ಲ. ನಂದಿಯ ಜೋಕು ಬಿಟ್ಟಿದ್ದೇನೆ. ಯಾರಿಗೂ ಏನೂ ನಷ್ಟವಾದಂತೆ ಕಾಣಲಿಲ್ಲ.

ಸಂಜೆ ಗೋಡೆಯ ಚಿತ್ರವನ್ನು ಹತ್ತಿರದಿಂದ ನೋಡಿದೆ. ದೊಡ್ಡ ಚೂರುಗಳ ನಡುವೆ ಬರೀ ಕಪ್ಪು ಅಂದುಕೊಂಡಿದ್ದೆ. ಕಪ್ಪಿನಲ್ಲೂ ಇವೆ — ಸಾಸಿವೆಗಿಂತ ಸಣ್ಣವು, ಮಬ್ಬಾಗಿ. ಒಂದೇ ಕಡೆ ಕಣ್ಣಿಟ್ಟರೆ ಆಮೇಲೆ ಕಾಣುತ್ತವೆ. ಇದನ್ನು ಅವಳಿಗೆ ಹೇಳಬೇಕು. ಅವಳಿಗೆ ಗೊತ್ತಿರುತ್ತದೆ. ಆದರೂ ಹೇಳಬೇಕು.

ಮನೆ ಖಾಲಿ ಅನ್ನಿಸುತ್ತಿದೆ. ಇಷ್ಟು ತಿಂಗಳು ಅದೂ ಅನ್ನಿಸಿರಲಿಲ್ಲ.

8-6-96, ಶನಿವಾರ, ಸಂಜೆ

ಬೆಳಿಗ್ಗೆ ಒಂದೇ ಪಾರ್ಟಿ. ಬೇಗ ಬಂದೆ. ಅಂಗಳ ಗುಡಿಸಿದೆ. ಅವಳ ದಿಂಬಿಗೆ ಬೇರೆ ಕವರು ಹಾಕಿದೆ. ಮಧ್ಯಾಹ್ನದ ಬಸ್ಸು ಬಂತು, ಅದರಲ್ಲಿ ಬರಲಿಲ್ಲ. ನಾಲ್ಕು ಗಂಟೆಯದೂ ಬಂತು. ಮಾದಮ್ಮ ಬೇಲಿಯಾಚೆಯಿಂದ "ಹುಡ್ಗಿ ಬತ್ತದಾ ಸ್ವಾಮಿ ಇವತ್ತು?" ಅಂದಳು. ಗೊತ್ತಿಲ್ಲ ಅಂದೆ.

ಬರದಿದ್ದರೆ ನಾಳೆ ಮೊದಲ ಬಸ್ಸಿಗೆ ನಾನೇ ಅರಸೀಕೆರೆಗೆ ಹೋಗುತ್ತೇನೆ. ಮಾತು ಕಟ್ಟಿಕೊಂಡಿಲ್ಲ. ಅಮ್ಮನ ಬಗ್ಗೆ ಮಾತಾಡೋಣ ಬಾ ಅನ್ನಬೇಕು, ಅಷ್ಟೇ. ಆ ದಾರಿಯಲ್ಲೇ ಇರುವ ಬೆಳಕಿನ ವಿಷಯ ಇನ್ನೊಂದು ಸಲ ಹೇಳು ಅನ್ನಬೇಕು. ಅವತ್ತು ಕೇಳಿಸಿಕೊಳ್ಳಲಿಲ್ಲ ನಾನು.

ಅಕ್ಕಿ ತೊಳೆದಿಟ್ಟೆ. ಅಳೆಯುವಾಗ ನಿಂತು, ನೋಡಿ ಹಾಕಿದೆ. ಇಬ್ಬರಿಗೆ. ಮೂವರಿಗಲ್ಲ, ಒಬ್ಬನಿಗೂ ಅಲ್ಲ.

ಕೊನೆಯ ಬಸ್ಸಿನ ಹಾರನ್ ಕೇಳಿ ಸ್ವಲ್ಪ ಹೊತ್ತಾಯಿತು. ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದು ಬರುವಷ್ಟು ಹೊತ್ತು ಆಗಿರಬೇಕು. ನಾಯಿ ಬೊಗಳುತ್ತಿದೆ. ಈಗ ನಿಲ್ಲಿಸಿತು. ಗುರುತಿನವರಿಗೆ ಹಾಗೆ ನಿಲ್ಲಿಸುತ್ತದೆ. ಗೇಟಿನ ಚಿಲಕ ಸದ್ದು ಮಾಡಿತು. ಏಳುತ್ತೇನೆ.